ತುಟಿಗೆ ಹೊಂದುವ ಅಕ್ಷರ

ನಿಪ್ಪಾಣಿಯಿಂದ ಚಿಕ್ಕೋಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಕಾಲ ಅದು, 2016ನೇ ಇಸವಿ. ಅದಕ್ಕೂ ಮೊದಲು ಆರು ವರ್ಷ ನಾನು ನಿಪ್ಪಾಣಿಯ ಡಿಟಿಪಿ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಒಂದು ಮಗ್ಗುಲಿಗೆ ಮರಾಠಿ, ಇನ್ನೊಂದು ಮಗ್ಗುಲಿಗೆ ಕನ್ನಡ. ನಮ್ಮದು ಮರಾಠಿ ಮಾತಾಡುವ ಮನೆ. ಕನ್ನಡವನ್ನು ನಾನು ಕಲಿತದ್ದು ಶಾಲೆಯಲ್ಲಿ, ಪುಸ್ತಕದಿಂದ. ಶುಭಾಂಗಿ ಟೈಪ್ ಮಾಡಿದ ಕನ್ನಡದಲ್ಲಿ ಒಂದು ಒತ್ತೂ ತಪ್ಪಿರುವುದಿಲ್ಲ ಎಂದು ಜನ ಹೇಳುತ್ತಿದ್ದರು. ಆ ಬಗ್ಗೆ ನನಗೂ ಸ್ವಲ್ಪ ಜಂಬವಿತ್ತು.

ಚಿಕ್ಕೋಡಿಯಲ್ಲಿ ನಾನು ಸೇರಿದ್ದು ‘ಹೊನ್ನೆಲ ರೈತ ಕಲಿಕಾ ಕೇಂದ್ರ’ಕ್ಕೆ. ಮಣ್ಣು ಮತ್ತು ನೀರಿನ ಪರೀಕ್ಷೆ ಕಲಿಸುವ ಆರು ತಿಂಗಳ ಆನ್‌ಲೈನ್ ಕೋರ್ಸನ್ನು ಅವರು ಆಗ ತಾನೇ ಶುರು ಮಾಡಿದ್ದರು. ಮನೆಯಲ್ಲೇ ಮೊಬೈಲಿನಲ್ಲಿ ವಿಡಿಯೋ ಪಾಠ ನೋಡುವುದು, ತಿಂಗಳಿಗೊಂದು ಭಾನುವಾರ ಕೇಂದ್ರದ ಪ್ರಯೋಗಶಾಲೆಗೆ ಬರುವುದು, ಕೊನೆಗೊಂದು ಪರೀಕ್ಷೆ. ಅರ್ಜಿ ತುಂಬುವುದು, ವಿಡಿಯೋಗಳನ್ನು ವೆಬ್‌ಸೈಟಿಗೆ ಏರಿಸುವುದು, ಬಂದ ಪತ್ರಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ.

ಪಾಠ ಹೇಳುತ್ತಿದ್ದವರು ಹಾರೂಗೇರಿಯ ಧರಣೇಂದ್ರ ಸರ್. ಮೂವತ್ತು ವರ್ಷ ಮಣ್ಣಿನ ಪ್ರಯೋಗಶಾಲೆಗಳಲ್ಲಿ ದುಡಿದು, ರೈತರಿಗೆ ಕಲಿಸಿ ನಿವೃತ್ತರಾದವರು. ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಕ್ಯಾಮೆರಾ ಎದುರು ನಿಂತು, ಹೊಲದ ಬದುವಿನ ಮೇಲೆ ನಿಂತು ಮಾತಾಡಿದಂತೆ ಮಾತಾಡುತ್ತಿದ್ದರು. “ಸರ್, ಸ್ವಲ್ಪ ಶುದ್ಧ ಕನ್ನಡದಲ್ಲಿ...” ಎಂದು ನಾನೊಮ್ಮೆ ಹೇಳಿದ್ದಕ್ಕೆ, “ಏನವಾ, ನಾ ಪುಸ್ತಕ ಮಾತಾಡಿದಂಗ ಮಾತಾಡಿದ್ರ ನಮ್ಮ ರೈತರು ನಕ್ಕು ಮೊಬೈಲ್ ಬಂದ್ ಮಾಡ್ತಾರ” ಎಂದಿದ್ದರು.

ಆಗಸ್ಟ್ ತಿಂಗಳಲ್ಲಿ ಒಂದು ಇಮೇಲ್ ಬಂತು.

‘ಮಾನ್ಯರೇ, ನನ್ನ ಹೆಸರು ಬ್ರಾಹ್ಮಿ. ಮಂಗಸೂಳಿಯ ಭಾವುಸಾಹೇಬರ ಮಗಳು. ನಾನು ಹುಟ್ಟಿನಿಂದ ಕಿವುಡಿ. ತುಟಿ ನೋಡಿ ಮಾತು ತಿಳಿದುಕೊಳ್ಳುತ್ತೇನೆ. ನಿಮ್ಮ ವಿಡಿಯೋದಲ್ಲಿ ಗುರುಗಳ ತುಟಿ ನನಗೆ ಅರ್ಥವಾಗುತ್ತಿಲ್ಲ. ದಯವಿಟ್ಟು ಕೆಳಗೆ ಅಕ್ಷರ ಹಾಕಿರಿ. ನಮ್ಮ ಮೂರು ಎಕರೆ ಹೊಲ ಸವಳಾಗಿದೆ. ಬಿಳಿ ಉಪ್ಪು ಮೇಲೆ ಬಂದು ಕಬ್ಬು ಏಳುತ್ತಿಲ್ಲ. ಅದು ಯಾಕೆ ಎಂದು ನನಗೆ ತಿಳಿಯಬೇಕು.’

ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಉಳಿದ ವಿದ್ಯಾರ್ಥಿಗಳ ಪತ್ರಗಳಲ್ಲಿ ಸರ್ಟಿಫಿಕೇಟ್ ಯಾವಾಗ ಕೊಡುತ್ತೀರಿ ಎಂಬ ಪ್ರಶ್ನೆ ಇರುತ್ತಿತ್ತು. ಯಾಕೆ ಎಂದು ತಿಳಿಯಬೇಕು ಅಂತ ಬರೆದವಳು ಇವಳೊಬ್ಬಳೇ.

ವ್ಯವಸ್ಥಾಪಕರಾದ ಸಂಗ್ರಾಮ ಸರ್ ಕೆಟ್ಟವರಲ್ಲ, ಆದರೆ ಅವಸರದ ಮನುಷ್ಯ. “ಪಾಪ, ಆದ್ರ ನಮ್ಮ ಕಡೆ ಅಂಥಾ ಸೌಲತ್ತ ಇಲ್ಲ ಅಂತ ಬರೀರಿ. ನೋಟ್ಸ್ ಇದ್ರ ಕಳಿಸಿಬಿಡ್ರಿ” ಎಂದರು. ನೋಟ್ಸ್ ಎಲ್ಲಿಂದ ಬರಬೇಕು? ಪಾಠವೆಲ್ಲ ಧರಣೇಂದ್ರ ಸರ್ ಬಾಯಲ್ಲೇ ಇತ್ತು. ಇಲ್ಲ ಎಂಬ ಉತ್ತರವನ್ನು ಟೈಪ್ ಮಾಡಲು ಕೂತವಳು, ಅದನ್ನು ಬಿಟ್ಟು ಮೊದಲ ಪಾಠದ ವಿಡಿಯೋ ತೆರೆದೆ. ಲಗ್ನಪತ್ರಿಕೆ ಟೈಪ್ ಮಾಡಿದ ಕೈಗೆ ಇದೇನು ದೊಡ್ಡದು ಅನ್ನಿಸಿತ್ತು.

ದೊಡ್ಡದೇ ಆಗಿತ್ತು. ಮಾತು ಕೇಳಿ ತಾನೇ ಕನ್ನಡದಲ್ಲಿ ಬರೆದುಕೊಡುವ ಯಾವ ಅನುಕೂಲವೂ ಆಗ ನನ್ನ ಕೈಯಲ್ಲಿರಲಿಲ್ಲ. ಒಂದು ವಾಕ್ಯ ಕೇಳುವುದು, ನಿಲ್ಲಿಸುವುದು, ಬರೆಯುವುದು, ಹಿಂದೆ ಹೋಗಿ ಮತ್ತೆ ಕೇಳುವುದು, ಆ ಸಾಲು ಯಾವ ಸೆಕೆಂಡಿಗೆ ಬರಬೇಕು, ಯಾವ ಸೆಕೆಂಡಿಗೆ ಹೋಗಬೇಕು ಎಂದು ಗುರುತು ಹಾಕುವುದು. ಹದಿನಾಲ್ಕು ನಿಮಿಷದ ಪಾಠಕ್ಕೆ ನಾಲ್ಕು ದಿನ ಹಿಡಿಯಿತು. ಸರ್ ಹೇಳಿದ್ದನ್ನು ನಾನು ಹಾಗೆಯೇ ಬರೆಯಲಿಲ್ಲ. ‘ಮಣ್ಣಾಗ ಉಪ್ಪು ಕುಂತೈತಿ’ ಅಂದದ್ದನ್ನು ‘ಮಣ್ಣಿನಲ್ಲಿ ಉಪ್ಪು ಸಂಗ್ರಹವಾಗಿದೆ’ ಎಂದು ತಿದ್ದಿ, ಒಂದು ತಪ್ಪಿಲ್ಲದಂತೆ ಸಬ್‌ಟೈಟಲ್ ಮಾಡಿ ಕಳಿಸಿದೆ.

ಮರುದಿನವೇ ಉತ್ತರ ಬಂತು.

‘ತುಂಬಾ ಧನ್ಯವಾದ. ಪಾಠ ತಿಳಿಯಿತು. ಆದರೆ ಒಂದು ಸಂಶಯ. ಅಕ್ಷರ ಬೇರೆ, ಗುರುಗಳ ತುಟಿ ಬೇರೆ. ಬೇರೆ ಯಾರೋ ಹೇಳಿದ್ದನ್ನು ಇಲ್ಲಿ ಬರೆದಿದ್ದೀರಾ?’

ಸಿಕ್ಕಿಬಿದ್ದ ಹಾಗಾಯಿತು. ಇಡೀ ಕೇಂದ್ರದಲ್ಲಿ ಯಾರೂ ಕಂಡುಹಿಡಿಯದ ನನ್ನ ತಿದ್ದುಪಡಿಯನ್ನು ಕಿವಿ ಕೇಳದ ಹುಡುಗಿ ಕಂಡುಹಿಡಿದಿದ್ದಳು. ಎರಡನೇ ಪಾಠವನ್ನು ಸರ್ ಬಾಯಿಂದ ಹೇಗೆ ಬಂತೋ ಹಾಗೆಯೇ ಬರೆದೆ. ‘ಐತಿ’ ಅಂದರೆ ಐತಿ, ‘ನೋಡಾಕತ್ತೀರಲ್ಲ’ ಅಂದರೆ ನೋಡಾಕತ್ತೀರಲ್ಲ. ಬರೆಯುವಾಗ ನನ್ನ ಬೆರಳಿಗೆ ಹಿಂಸೆಯಾಗುತ್ತಿತ್ತು. ಕಳಿಸಿದೆ.

ಎಂಟು ದಿನ ಉತ್ತರವಿಲ್ಲ. ಒರಟು ಕನ್ನಡ ನೋಡಿ ಬೇಸರಪಟ್ಟಳೇನೋ ಅಂದುಕೊಂಡೆ.

ಒಂಬತ್ತನೇ ದಿನ ಮಧ್ಯಾಹ್ನ ಇಬ್ಬರು ಹೆಂಗಸರು ನಮ್ಮ ಕೇಂದ್ರದ ಮಾಳಿಗೆ ಹತ್ತಿ ಬಂದರು. ಒಬ್ಬರು ನೂಲಿನ ಸೀರೆಯ ಹಿರಿಯರು. ಇನ್ನೊಬ್ಬಳು ಇಪ್ಪತ್ತಮೂರರ ಹುಡುಗಿ, ಒಂದು ಕೈಯಲ್ಲಿ ಮಣ್ಣು ತುಂಬಿದ ಚೀಲ, ಇನ್ನೊಂದರಲ್ಲಿ ನೋಟ್‌ಬುಕ್. ಅವಳು ನನ್ನ ಮುಖವನ್ನೇ, ಅಲ್ಲ, ನನ್ನ ಬಾಯನ್ನೇ ನೋಡುತ್ತಾ ನಿಂತಳು.

“ಇಕಿ ನನ್ನ ಮಗಳ್ರಿ, ಬ್ರಾಹ್ಮಿ. ನಾ ಗಂಗೂಬಾಯಿ,” ಎಂದರು ಹಿರಿಯರು. “ಎರಡ ಬಸ್ ಬದಲಿ ಮಾಡಿ ಬಂದೇವ್ರಿ. ಅಕ್ಷರ ಬರದಾಕಿನ್ನ ನೋಡಬೇಕಂತ ಒಂದೇ ಹಟ.”

ಬ್ರಾಹ್ಮಿ ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟಳು. ಪುಟದ ನಡುವೆ ಒಂದು ಗೆರೆ. ಎಡಕ್ಕೆ ‘ಶಾಲೆ’, ಬಲಕ್ಕೆ ‘ಮನೆ’. ಎಡಕ್ಕೆ ಇದೆ, ಬಲಕ್ಕೆ ಐತಿ. ಎಡಕ್ಕೆ ಬಂದಿದ್ದಾನೆ, ಬಲಕ್ಕೆ ಬಂದಾನ. ಮಾಡುತ್ತಿದ್ದಾಳೆ, ಮಾಡಾಕತ್ತಾಳ. ಹೀಗೆ ಏಳು ಪುಟ. ಆ ಎಂಟು ದಿನ ಅವಳು ಮಾಡಿದ್ದು ಇದನ್ನು.

ಸಂಗತಿ ನನಗೆ ನಿಧಾನಕ್ಕೆ ಅರ್ಥವಾಯಿತು. ಅವಳು ಆರನೇ ವಯಸ್ಸಿನಿಂದ ದೂರದ ಊರಿನ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ಬೆಳೆದವಳು. ಅಲ್ಲಿ ಪುಸ್ತಕದ ಕನ್ನಡ ಕಲಿತಳು, ಆ ಕನ್ನಡದ ತುಟಿಯನ್ನೇ ಓದಲು ಕಲಿತಳು. ರಜೆಗೆ ಮನೆಗೆ ಬಂದರೆ ಅಪ್ಪ ಅವ್ವನ ತುಟಿಗಳು ಬೇರೆಯೇ ಏನೋ ಮಾಡುತ್ತಿದ್ದವು. ಮನೆಯ ಮಾತು ಹೀಗಿರುತ್ತದೆ ಎಂದು ಬರೆದು ತೋರಿಸಿದವರು ಯಾರೂ ಇರಲಿಲ್ಲ.

“ಸಾಲಿ ಕಲಸೋ ಬಾಯಾರ ಮಾತು ಬರೋಬ್ಬರಿ ತಿಳೀತಿತ್ರಿ ಇಕಿಗಿ,” ಎಂದರು ಗಂಗೂಬಾಯಿ. “ನನ್ನ ಮಾತಷ್ಟ ತಿಳೀತಿದ್ದಿಲ್ಲ. ಬಾಯಿ ನೋಡಿ ನೋಡಿ ಸಾಕಾಗಿ ಎದ್ದ ಹೋಗತಿದ್ಲು. ನಾ ಸಾಲಿ ಕಲತಾಕಿ ಅಲ್ಲ, ಅದಕ್ಕ ಅಂತ ತಿಳಕೊಂಡಿದ್ನಿ.”

ಬ್ರಾಹ್ಮಿ ಅವ್ವನ ತುಟಿಯಿಂದ ಅಷ್ಟನ್ನೂ ಹಿಡಿದಿರಬೇಕು. ಪೆನ್ ತೆಗೆದು ಬರೆದಳು: ‘ಅವ್ವನ ಮುಂದಿನ ಹಲ್ಲು ಬಿದ್ದಿದೆ, ಅದಕ್ಕೇ ಮಾತು ತಿಳಿಯುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ.’

ನಾನು ಅದನ್ನು ಓದಿ ಹೇಳಿದಾಗ ಗಂಗೂಬಾಯಿ ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿತು, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬ್ರಾಹ್ಮಿ ಕೈಚಾಚಿ ಆ ಸೆರಗನ್ನು ಮೆಲ್ಲಗೆ ಕೆಳಗೆ ಎಳೆದಳು. ಅವಳಿಗೆ ಅವ್ವನ ಬಾಯಿ ಕಾಣಬೇಕಿತ್ತು.

“ಏನಿಲ್ಲವ್ವಾ,” ಎಂದರು ಗಂಗೂಬಾಯಿ, ಮಗಳ ಮುಖ ನೋಡುತ್ತಾ. “ಹಸಿವಿ ಆಗೈತೇನ?”

“ಆಗೈತಿ,” ಎಂದಳು ಬ್ರಾಹ್ಮಿ. ಗಂಟಲಿನ ಒಳಗಿಂದ ಬಂದ, ಏರಿಳಿತವಿಲ್ಲದ, ದಪ್ಪನೆಯ ಧ್ವನಿ. ಪದ ಮಾತ್ರ ಮನೆಯದು.

ಅವತ್ತು ಮೂವರೂ ನನ್ನ ಡಬ್ಬಿಯನ್ನು ಹಂಚಿಕೊಂಡು ಉಂಡೆವು. ಆಮೇಲೆ ನಾನು ಯಾವ ಪಾಠವನ್ನೂ ತಿದ್ದಲಿಲ್ಲ. ಸರ್ ಕೆಮ್ಮಿದರೆ ‘(ಕೆಮ್ಮು)’ ಎಂದು ಬರೆದೆ. ಹೊರಗೆ ಬಸ್ಸಿನ ಹಾರ್ನ್ ಕೇಳಿ ಅವರು ಮುಖ ಸಿಂಡರಿಸಿದರೆ, ‘(ಹೊರಗೆ ಹಾರ್ನ್)’ ಎಂದು ಬರೆದೆ. ಇಲ್ಲವಾದರೆ ಗುರುಗಳು ತಮ್ಮ ಮೇಲೆ ಸಿಟ್ಟಾದರು ಎಂದು ನೋಡುವವರು ತಿಳಿಯುತ್ತಾರಲ್ಲ.

ಮುಂದಿನ ತೊಡಕು ಪ್ರಯೋಗದ ಪಾಠಗಳಲ್ಲಿ ಬಂತು. ಅಲ್ಲಿ ಸರ್ ಕೈಯಿಂದ ತೋರಿಸುತ್ತಾ, “ಇದನ್ನ ತಗೊಂಡು ಇದ್ರಾಗ ಇಷ್ಟ ಹಾಕ್ರಿ, ಆಮ್ಯಾಲ ಹಿಂಗ ಮಾಡ್ರಿ” ಎನ್ನುತ್ತಿದ್ದರು. ನಾನು ಹಾಗೆಯೇ ಬರೆದೆ. ಬ್ರಾಹ್ಮಿ ಬರೆದಳು: ‘ಅಕ್ಕಾ, ನಾನು ಅಕ್ಷರ ಓದುವಷ್ಟರಲ್ಲಿ ಗುರುಗಳ ಕೈ ಕೆಲಸ ಮುಗಿದಿರುತ್ತದೆ. ಕೈ ನೋಡಿದರೆ ಅಕ್ಷರ ಹೋಗುತ್ತದೆ. ನನಗೆ ಇರುವುದು ಎರಡು ಕಣ್ಣು, ಎರಡೂ ಒಂದೇ ಕಡೆ ನೋಡುತ್ತವೆ. ಮೊದಲು ಹೇಳಿ, ಆಮೇಲೆ ಮಾಡಿ ತೋರಿಸಿದರೆ ಆದೀತೇ ಎಂದು ಕೇಳಿ.’

ಕೇಳಿದೆ. ಧರಣೇಂದ್ರ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೂವತ್ತ ವರ್ಷ ಕಲಿಸೇನಿ. ಇವತ್ತ ಒಂದ ಹುಡಿಗಿ ನನಗ ಮಾತಾಡೋದು ಕಲಿಸಾಕತ್ತಾಳ?”

ನಾನು ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ, ಅವರದೇ ಪಾಠವನ್ನು ಧ್ವನಿ ಬಂದ್ ಮಾಡಿ ಹಚ್ಚಿದೆ. ಸರ್ ನೋಡಿದರು. ಕೆಳಗಿನ ಸಾಲು ಓದಲು ಕಣ್ಣು ಇಳಿಸಿದರು, ತಲೆ ಎತ್ತುವಷ್ಟರಲ್ಲಿ ಬೀಕರ್ ತುಂಬಿತ್ತು. ಹಿಂದೆ ಹೋಗಿ ಮತ್ತೆ ನೋಡಿದರು. ಮೂರನೇ ಸಲವೂ ನೋಡಿದರು. ಆಮೇಲೆ ತಾವೇ ಧ್ವನಿ ಹಚ್ಚಿ, ಕಣ್ಣು ಮುಚ್ಚಿ ಕೂತರು. ನಾನು ಹೇಳಿಕೊಟ್ಟದ್ದಲ್ಲ ಅದು, ಅವರಿಗೇ ಹೊಳೆದದ್ದು. ‘ಇದನ್ನ ಇದ್ರಾಗ ಇಷ್ಟ’ ಎಂದು ತಮ್ಮ ಧ್ವನಿ ಬಂದಾಗ ಕಣ್ಣು ತೆರೆಯದೆಯೇ ಬೈದುಕೊಂಡರು.

“ಏನನ್ನ, ಯಾತರಾಗ, ಎಷ್ಟಲೇ ಧರಣೇಂದ್ರಾ?”

ಹದಿನೆಂಟು ಪ್ರಯೋಗ ಪಾಠಗಳನ್ನು ಅವರು ಮತ್ತೆ ಮಾಡಿದರು. ಯಾರೂ ಒತ್ತಾಯಿಸಲಿಲ್ಲ. ಸಂಗ್ರಾಮ ಸರ್ ಬೇಡ ಎಂದರೂ ಕೇಳಲಿಲ್ಲ. ಹಾರೂಗೇರಿಯಿಂದ ವಾರಕ್ಕೆ ಮೂರು ದಿನ ಬಂದು, ಅಂಗಿ ತೋಳು ಮಡಚಿ ನಿಂತು ಹೇಳುತ್ತಿದ್ದರು: “ಇಪ್ಪತ್ತ ಗ್ರಾಂ ಒಣ ಮಣ್ಣು. ಗಾಜಿನ ಬೀಕರ್‌ದಾಗ ಹಾಕತೇನಿ, ನೋಡ್ರಿ.” ಅಷ್ಟು ಹೇಳಿ ಬಾಯಿ ಮುಚ್ಚಿ, ಐದು ಎಣಿಸಿ, ಆಮೇಲೆ ಕೈ ಎತ್ತುತ್ತಿದ್ದರು. “ಈಗ ಐವತ್ತ ಮಿಲಿ ಡಿಸ್ಟಿಲ್ ವಾಟರ್.” ಮತ್ತೆ ಐದು ಎಣಿಕೆ. ಆ ವಯಸ್ಸಿನಲ್ಲಿ ಬಾಯಿಯ ಅಭ್ಯಾಸ ಬದಲಿಸುವುದು ಎಷ್ಟು ಕಷ್ಟ ಎಂದು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ನಡುವೆ ‘ಹಿಂಗ’ ಅಂದುಬಿಟ್ಟರೆ ತಾವೇ ನಾಲಿಗೆ ಕಚ್ಚಿ, “ತಡೀರಿ, ಮೊದಲಿಂದ” ಎನ್ನುತ್ತಿದ್ದರು.

ಹೊಸ ಪಾಠಗಳು ಏರಿದ ಮೇಲೆ ರಾಯಬಾಗ ಕಡೆಯಿಂದ ಒಬ್ಬರು ಫೋನ್ ಮಾಡಿದರು. ವಿಠೋಬಾ ಎಂದು ಹೆಸರು, ಐವತ್ತು ದಾಟಿದ ಮೇಲೆ ಕಣ್ಣು ಕಳೆದುಕೊಂಡ ರೈತ. ಸೊಸೆಯ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದರಂತೆ.

“ಮೊದಲಿನ ಪಾಠ ಕೇಳಿದ್ರ ಕಣ್ಣ ಕಟ್ಟಿ ಸಂತ್ಯಾಗ ಬಿಟ್ಟಂಗ ಆಗತಿತ್ರಿ. ಈಗ ಭಾಳ ಚಲೋ ಆತು,” ಎಂದರು ಅವರು. “ಆದ್ರ ಒಂದ ಮಾತು. ನೀರು ಹಸರ ಆತು ಅಂತ ಸರ್ ಅಂತಾರ. ಯಾವ ಹಸರ್ರಿ? ಬೇವಿನ ಎಲಿ ಹಸರೊ, ಎಳೇ ಕಬ್ಬಿನ ಸೋಗಿ ಹಸರೊ?”

ಆ ಪ್ರಶ್ನೆ ಧರಣೇಂದ್ರ ಸರ್‌ಗೆ ಎಷ್ಟು ಹಿಡಿಸಿತೆಂದರೆ, ಅಂದಿನಿಂದ ಪ್ರತಿ ಬಣ್ಣಕ್ಕೂ ಹೊಲದಲ್ಲಿ ಒಂದು ಗುರುತು ಹುಡುಕಿ ಹೇಳತೊಡಗಿದರು. ಮೂಡಿದ್ದು ನಸುಗೆಂಪೋ ಕೆಂಪೋ ಎಂದು ತಿಣುಕುತ್ತಿದ್ದ ಕಣ್ಣಿದ್ದವರಿಗೂ ಅದು ಸಲೀಸಾಯಿತು.

2017ರ ಫೆಬ್ರುವರಿಯಲ್ಲಿ ಅಥಣಿಯ ಶಾಲೆಯೊಂದರ ಸಭಾಂಗಣದಲ್ಲಿ ಕೊನೆಯ ಪರೀಕ್ಷೆ. ಇಪ್ಪತ್ತಾರು ಜನ, ಸಾಲಾಗಿ ಮೇಜು, ಮೇಜಿಗೊಂದು ಮಣ್ಣಿನ ಪೊಟ್ಟಣ. ಆ ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಎಂದು ಅಳೆದು ಹೇಳಬೇಕು. ಹೊರಗಿನಿಂದ ಬಂದ ಪರೀಕ್ಷಕರು ಗೋಡೆಯ ಹಲಗೆಯ ಮೇಲೆ ಬರೆಯುತ್ತಾ, ನಮಗೆ ಬೆನ್ನು ಮಾಡಿ ನಿಯಮ ಹೇಳತೊಡಗಿದರು. ಬ್ರಾಹ್ಮಿ ಕೊರಳು ಆ ಕಡೆ ಈ ಕಡೆ ಹೊರಳಿಸಿ ಅವರ ಬಾಯಿ ಹುಡುಕುತ್ತಿದ್ದಳು. ನಾನು ಲ್ಯಾಪ್‌ಟಾಪ್ ಹಿಡಿದು ಅವಳ ಪಕ್ಕ ಕೂತು, ಅವರು ಹೇಳುತ್ತಿದ್ದುದನ್ನು ಟೈಪ್ ಮಾಡತೊಡಗಿದೆ.

ಪರೀಕ್ಷಕರು ತಿರುಗಿ ನೋಡಿದರು. “ಏನ್ರಿ ಅದು? ಪರೀಕ್ಷಾದಾಗ ಹೇಳಿಕೊಡಾಂಗಿಲ್ಲ.”

ನಾನು ಟೈಪ್ ಮಾಡುತ್ತಲೇ ಇದ್ದೆ. ಹಿಂದಿನ ಬೆಂಚಿನಿಂದ ಧರಣೇಂದ್ರ ಸರ್ ಎದ್ದರು.

“ಸಾಹೇಬ್ರ, ಅಕಿ ಉತ್ತರ ಹೇಳಿಕೊಡಾಕತ್ತಿಲ್ಲರಿ. ನಿಮ್ಮ ಪ್ರಶ್ನಿ ಮುಟ್ಟಸಾಕತ್ತಾಳ. ಉಳದ ಇಪ್ಪತ್ತೈದ ಮಂದಿಗಿ ಅದು ಗಾಳ್ಯಾಗ ಹೋಗಿ ಮುಟ್ಟೈತಿ. ಇಕಿಗಿ ಅಕ್ಷರದಾಗ ಮುಟ್ಟಬೇಕು. ಬೇಕಾದ್ರ ನೀವು ಬಂದು ಓದಿ ನೋಡ್ರಿ.”

ಪರೀಕ್ಷಕರು ಬಂದರು. ಪರದೆಯ ಮೇಲೆ ತಮ್ಮ ಮಾತನ್ನು ಓದಿದರು. ‘ಏನ್ರಿ ಅದು? ಪರೀಕ್ಷಾದಾಗ ಹೇಳಿಕೊಡಾಂಗಿಲ್ಲ’ ಎಂಬುದೂ ಅಲ್ಲಿತ್ತು. “ಮುಂದುವರಸ್ರಿ,” ಎಂದರು. ಆಮೇಲೆ ಹಲಗೆಗೆ ಮುಖ ಮಾಡಿ ಅವರು ಒಮ್ಮೆಯೂ ಮಾತಾಡಲಿಲ್ಲ.

ಎಲ್ಲರೂ ಮಣ್ಣು ತೂಗಿ ನೀರು ಹಾಕತೊಡಗಿದರು. ಬ್ರಾಹ್ಮಿ ಮಣ್ಣನ್ನು ಮುಟ್ಟಲೇ ಇಲ್ಲ. ಡಿಸ್ಟಿಲ್ ವಾಟರ್ ಕ್ಯಾನಿನಿಂದ ಬರೀ ನೀರನ್ನು ಬೀಕರಿಗೆ ಹಾಕಿ ಅದರಲ್ಲಿ ಉಪ್ಪು ಅಳೆಯುವ ಮೀಟರ್ ಅದ್ದಿದಳು. ಹುಬ್ಬು ಗಂಟಿಕ್ಕಿತು. ಬೀಕರ್ ತೊಳೆದು ಮತ್ತೆ ಅದ್ದಿದಳು. ಆಮೇಲೆ ಮೀಟರನ್ನೂ ಬೀಕರನ್ನೂ ಎತ್ತಿಕೊಂಡು ನೇರ ಪರೀಕ್ಷಕರ ಮೇಜಿಗೆ ಹೋಗಿ ಇಟ್ಟಳು.

“ನೀರ ಸುಳ್ಳ ಐತ್ರಿ,” ಎಂದಳು, ಅದೇ ದಪ್ಪ ಧ್ವನಿಯಲ್ಲಿ.

ಅವರಿಗೆ ತಿಳಿಯಲಿಲ್ಲ. ಅವಳು ಮೀಟರಿನ ಅಂಕಿಯ ಮೇಲೆ ಬೆರಳಿಟ್ಟಳು. ಡಿಸ್ಟಿಲ್ ವಾಟರಿನಲ್ಲಿ ಉಪ್ಪು ಇರುವುದೇ ಇಲ್ಲ ಅನ್ನಬೇಕು, ಇದರಲ್ಲಿ ಕೊಳವೆಬಾವಿಯಷ್ಟಿತ್ತು. ನಮ್ಮ ಕೇಂದ್ರದವರೇ ಯಾರೋ ಬೆಳಿಗ್ಗೆ ಗಡಿಬಿಡಿಯಲ್ಲಿ ಕ್ಯಾನಿಗೆ ನಲ್ಲಿ ನೀರು ತುಂಬಿದ್ದರು. ಆ ನೀರಿನಲ್ಲಿ ಅಳೆದ ಯಾವ ಮಣ್ಣಾದರೂ ಸವಳೇ ಆಗುತ್ತಿತ್ತು. ಪರೀಕ್ಷೆ ನಿಲ್ಲಿಸಿ, ಬೇರೆ ನೀರು ತರಿಸಿ, ಮೊದಲಿನಿಂದ ಶುರು ಮಾಡಬೇಕಾಯಿತು.

“ನಿನಗ ಇದು ಹೆಂಗ ಹೊಳೀತವಾ?” ಎಂದು ಪರೀಕ್ಷಕರು ಕೇಳಿದ್ದನ್ನು ನಾನು ಟೈಪ್ ಮಾಡಿದೆ. ಅವಳು ಉತ್ತರ ಬರೆದಳು: ‘ಹನ್ನೊಂದನೇ ಪಾಠದ ಕೊನೆಗೆ ಗುರುಗಳು ಹೇಳಿದ್ದಾರೆ. ನೀರನ್ನ ನಂಬಬ್ಯಾಡ್ರಿ, ಮೊದಲ ಅದನ್ನ ಅಳೀರಿ.’

ಪಾಠ ಮುಗಿದ ಮೇಲೆ, ಕ್ಯಾಮೆರಾ ಇನ್ನೂ ಓಡುತ್ತಿದ್ದಾಗ, ಸರ್ ಕೈ ಒರೆಸಿಕೊಳ್ಳುತ್ತಾ ಆಡಿದ್ದ ಮಾತು ಅದು. ಕೇಳುವವರೆಲ್ಲ ಪಾಠ ಮುಗಿಯಿತೆಂದು ಅಷ್ಟರಲ್ಲಿ ಬಂದ್ ಮಾಡಿದ್ದರು. ಅವಳು ಕೊನೆಯ ಅಕ್ಷರದವರೆಗೂ ಓದಿದ್ದಳು. ಆ ಪರೀಕ್ಷೆಯಲ್ಲಿ ಬ್ರಾಹ್ಮಿಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದವು. ಬರದಿದ್ದರೂ ಅವಳ ಮೇಲಿನ ನನ್ನ ಅಭಿಮಾನ ಕಡಿಮೆಯಾಗುತ್ತಿರಲಿಲ್ಲ.

ಮುಂದಿನ ವರ್ಷ ಕಾಗವಾಡದ ಮಣ್ಣು ಪರೀಕ್ಷಾ ಘಟಕವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ತನ್ನ ಹೊಲದ ಮಣ್ಣನ್ನು ಅವಳು ತಾನೇ ಅಳೆದು, ಅಪ್ಪ ವರ್ಷಗಟ್ಟಲೆ ಕಬ್ಬಿಗೆ ಹಾಯಿಸಿದ ನೀರು ಬಸಿದು ಹೋಗಲು ದಾರಿಯಿಲ್ಲದೆ ಉಪ್ಪನ್ನು ಮೇಲೆ ತಂದಿದೆ ಎಂದು ಮನೆಯವರಿಗೆ ವಿವರಿಸಿದಳು. ಭಾವುಸಾಹೇಬರು ಮಗಳ ಮಾತು ಕೇಳಿ ಬಸಿಗಾಲುವೆ ತೋಡಿಸಿದರು, ಕಬ್ಬು ಬಿಟ್ಟು ಎರಡು ಹಂಗಾಮು ಹಸಿರೆಲೆ ಗೊಬ್ಬರದ ಬೆಳೆ ಹಾಕಿದರು. ಮೂರೂ ಎಕರೆ ಇನ್ನೂ ಸುಧಾರಿಸಿಲ್ಲ. ಒಂದೂವರೆ ಎಕರೆಯಲ್ಲಿ ಬಿಳಿ ಕಾಣುವುದಿಲ್ಲ.

2018ರಲ್ಲಿ ಧರಣೇಂದ್ರ ಸರ್ ಒಂದು ಹೊಸ ಪಾಠವನ್ನು ಅವಳಿಂದಲೇ ಹೇಳಿಸೋಣ ಎಂದರು. ಹೊಲದಿಂದ ಮಣ್ಣಿನ ಮಾದರಿ ತೆಗೆಯುವುದು ಹೇಗೆ ಎಂಬ ಪಾಠ. ಬ್ರಾಹ್ಮಿ ಸಲಿಕೆ ಹಿಡಿದು, ತನ್ನ ಹೊಲದಲ್ಲೇ ನಿಂತು, ಮನೆಯ ಮಾತಿನಲ್ಲೇ ಬಾಯಿ ಬಿಟ್ಟು ಹೇಳಿದಳು. ಅವಳ ಧ್ವನಿ ಪರಿಚಯವಿಲ್ಲದವರಿಗೆ ನಾಲ್ಕರಲ್ಲಿ ಮೂರು ಮಾತು ತಿಳಿಯುವುದಿಲ್ಲ. ಅದಕ್ಕೆ ಸಂಗ್ರಾಮ ಸರ್, ಬೇರೆ ಯಾರದಾದರೂ ಧ್ವನಿ ಹಾಕೋಣವೇ ಎಂದು ನನ್ನಿಂದ ಅವಳನ್ನು ಕೇಳಿಸಿದರು. ಅವಳು ಬರೆದಳು: ‘ನನ್ನ ಧ್ವನಿ ಇರಲಿ. ಕೆಳಗೆ ಅಕ್ಷರ ನಾನೇ ಹಾಕುತ್ತೇನೆ.’ ಹಾಕಿದಳು. ತನ್ನ ತುಟಿಯನ್ನೇ ನೋಡಿ ಹೊಂದಿಸಿದ್ದಳು, ಒಂದು ಸೆಕೆಂಡ್ ಹಿಂದೆ ಮುಂದೆ ಇರಲಿಲ್ಲ.

ಆ ಪಾಠವನ್ನು ಮಂಗಸೂಳಿಯ ಸಮಾಜ ಮಂದಿರದಲ್ಲಿ ದೊಡ್ಡ ಪರದೆ ಕಟ್ಟಿ ತೋರಿಸಿದ ಸಂಜೆ ನಾನೂ ಹೋಗಿದ್ದೆ. ಐವತ್ತು ಅರವತ್ತು ಜನ ಸೇರಿದ್ದರು. ಅವರಲ್ಲಿ ಓದಲು ಬಾರದ ಮುದುಕರೂ ಬಹಳ. ಅಂಥವರಿಗಾಗಿ ಭೀಮಸಿ ಎಂಬ ನಿವೃತ್ತ ಪೋಸ್ಟಮನ್ ಪರದೆಯ ಪಕ್ಕ ನಿಂತು ಕೆಳಗಿನ ಸಾಲುಗಳನ್ನು ಗಟ್ಟಿಯಾಗಿ ಓದುವುದೆಂದು ಮಾತಾಗಿತ್ತು. ಪಾಠ ಶುರುವಾಯಿತು. ಬ್ರಾಹ್ಮಿಯ ಧ್ವನಿ ಮಂದಿರದ ತುಂಬ ಹರಡಿತು. ಜನ ಮುಖಮುಖ ನೋಡಿಕೊಂಡರು. ಭೀಮಸಿ ಕನ್ನಡಕ ಸರಿಮಾಡಿಕೊಂಡು ಮೊದಲ ಸಾಲಿಗೆ ಬಾಯಿ ತೆರೆಯುವಷ್ಟರಲ್ಲಿ, ಹೆಂಗಸರ ನಡುವಿನಿಂದ ಗಂಗೂಬಾಯಿ ಎದ್ದು ನಿಂತಿದ್ದರು.

“ಬದುವಿನ ಬಾಜೂಕಿನ ಮಣ್ಣ ತಗೀಬ್ಯಾಡ್ರಿ ಅಂತಾಳ,” ಎಂದು ಅವರು ಸಭೆಗೆ ಹೇಳಿದರು. “ಹೊಲದ ನಡುವ ಎಂಟ್ಹತ್ತ ಕಡೆ ತಗೀರಿ, ಒಂದ ಗೇಣ ಆಳ, ಅಂತಾಳ.”

ಅಕ್ಷರ ಓದಲು ಬಾರದ ಹೆಂಗಸು ಪರದೆಯ ಕೆಳಭಾಗ ನೋಡುತ್ತಲೇ ಇರಲಿಲ್ಲ. ಮಗಳ ಮುಖ ನೋಡುತ್ತಾ, ಒಂದು ಮಾತೂ ಬಿಡದೆ, ಪಾಠ ಮುಗಿಯುವವರೆಗೆ ನಿಂತೇ ಹೇಳಿದರು. ಭೀಮಸಿ ಸಾಲು ಸಾಲು ಹೋಲಿಸಿ ನೋಡುತ್ತಾ, “ಬರೋಬ್ಬರಿ... ಬರೋಬ್ಬರಿ...” ಎಂದು ತಲೆಯಾಡಿಸುತ್ತಿದ್ದರು.